ಬಿಸಿ ರೊಟ್ಟಿಯ ಜಾಹೀರಾತಿಗೆ ಊರಿನ ಹೆಸರು ಬೇಡ, ನಕ್ಷೆಯ ಪಿನ್ ಸಾಕು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅಕ್ಕ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಅದಕ್ಕೆ ಆನ್‌ಲೈನ್ ಜಾಹೀರಾತು ಹಾಕುವ ಕೆಲಸ ನನ್ನದು. ಜಾಹೀರಾತು ಯಾರಿಗೆ ಕಾಣಬೇಕು ಎಂಬ ನಿಯಮವನ್ನು ನಾಲ್ಕು ಬಗೆಯಲ್ಲಿ ಕಟ್ಟಿ ನೋಡಿದ್ದೇನೆ: ಊರಿನ ಹೆಸರು ಕೊಟ್ಟು, ಜನರ ಆಸಕ್ತಿಗಳನ್ನು ಆರಿಸಿ, ನಮ್ಮ ಗಿರಾಕಿಗಳ ಫೋನ್ ನಂಬರುಗಳನ್ನು ಏರಿಸಿ, ನಕ್ಷೆಯ ಮೇಲೆ ಪಿನ್ ನೆಟ್ಟು ಅದರ ಸುತ್ತ ವೃತ್ತ ಎಳೆದು. ಈಗ ನಮ್ಮಲ್ಲಿ ಉಳಿದಿರುವುದು ಪಿನ್ ಒಂದೇ. ಅರ್ಧ ಗಂಟೆಯೊಳಗೆ ಮನೆ ಮುಟ್ಟಬೇಕಾದ ಪದಾರ್ಥ ಮಾರುವ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಕೈ ಸುಟ್ಟುಕೊಂಡದ್ದು ಊರಿನ ಹೆಸರಿನಲ್ಲಿ. ಹುಡುಕಾಟದ ಫಲಿತಾಂಶಗಳ ಜೊತೆ ಬರುವ ಜಾಹೀರಾತಿಗೆ ಸ್ಥಳ ಹುಬ್ಬಳ್ಳಿ ಎಂದು ಆರಿಸಿ, ದಿನಕ್ಕೆ 300 ರೂಪಾಯಿಯಂತೆ ಎಂಟು ದಿನ ಓಡಿಸಿದೆ. ಎರಡನೆಯ ದಿನವೇ ಫೋನುಗಳು ಶುರುವಾದವು. ರೊಟ್ಟಿ ಬಡಿಯುತ್ತಿದ್ದ ಅಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ಎತ್ತಿದರೆ ಆ ಕಡೆ ಬೆಂಗಳೂರಿನವರು, ಪುಣೆಯವರು. "ನಮ್ಮ ಕಡೆಯ ರೊಟ್ಟಿ ತಿಂದು ವರ್ಷವಾಯಿತು ಅಕ್ಕಾ, ಇಲ್ಲಿಗೆ ಕಳಿಸುತ್ತೀರಾ?" ಎಂದು ಕೇಳುತ್ತಿದ್ದರು. ಅಷ್ಟು ಅಕ್ಕರೆಯಿಂದ ಕೇಳಿದವರಿಗೆ ಆಗುವುದಿಲ್ಲ ಎನ್ನಲು ಅವಳಿಗೆ ಸಂಕಟ. ಯಾವ ಊರು, ಯಾರ ಮನೆತನ ಎಂದು ಮಾತು ಬೆಳೆದು ಐದು ನಿಮಿಷವಾಗುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತಿರುತ್ತಿತ್ತು. ಎಂಟು ದಿನಕ್ಕೆ 2,400 ರೂಪಾಯಿ ಕರಗಿತು. ಹತ್ತಿರದ ಓಣಿಗಳಿಂದ ಬಂದ ಆರ್ಡರ್ ನಾಲ್ಕೇ ನಾಲ್ಕು.

ಕಾರಣ ಹುಡುಕಲು ನನಗೆ ಮತ್ತೊಂದು ವಾರ ಹಿಡಿಯಿತು. ಸ್ಥಳ ಆರಿಸುವ ಪೆಟ್ಟಿಗೆಯ ಕೆಳಗೆ ಮಡಿಚಿಟ್ಟ ಸಾಲೊಂದಿದೆ, ಒತ್ತಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಅದರೊಳಗೆ ಎರಡು ಆಯ್ಕೆ. ಆ ಊರಿನಲ್ಲಿ ಇರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿದವರಿಗೂ ಜಾಹೀರಾತು ಕಾಣಲಿ ಎಂಬುದು ಮೊದಲನೆಯದು. ಊರಿನಲ್ಲಿ ಇರುವವರು ಮತ್ತು ಅಲ್ಲಿಗೆ ಆಗಾಗ ಬರುವವರಿಗೆ ಮಾತ್ರ ಕಾಣಲಿ ಎಂಬುದು ಎರಡನೆಯದು. ನಾವು ಮುಟ್ಟದಿದ್ದರೆ ಮೊದಲನೆಯದೇ ಜಾರಿಯಲ್ಲಿರುತ್ತದೆ. ಬೆಂಗಳೂರಿನಲ್ಲಿ ಕುಳಿತು 'ಹುಬ್ಬಳ್ಳಿ ಜೋಳದ ರೊಟ್ಟಿ' ಎಂದು ಹುಡುಕುವವರಿಗಿಂತ ಹೆಚ್ಚು ಆಸಕ್ತಿ ಯಾರಿಗಿದ್ದೀತು! ಲಾಡ್ಜ್ ನಡೆಸುವವರಿಗೆ ಈ ಏರ್ಪಾಡು ಸರಿ, ಏಕೆಂದರೆ ನಾಳೆ ಹುಬ್ಬಳ್ಳಿಗೆ ಬರುವವರು ಇವತ್ತು ಬೇರೆ ಊರಿನಲ್ಲಿರುತ್ತಾರೆ. ನಮಗೆ ಪ್ರತಿ ಕ್ಲಿಕ್ಕೂ ನಷ್ಟ. ಎರಡನೆಯ ಆಯ್ಕೆಗೆ ಬದಲಿಸಿದ ಮೇಲೆ ದೂರದ ಕರೆಗಳು ಬಹುಮಟ್ಟಿಗೆ ನಿಂತವು. ಬೇರೇನೂ ಓದಲು ಪುರುಸೊತ್ತಿಲ್ಲದವರು ಆ ಒಂದು ಸಾಲನ್ನಾದರೂ ಬಿಚ್ಚಿ ನೋಡಿಯೇ ಹಣ ಕಟ್ಟಬೇಕು.

ಆಸಕ್ತಿಯ ಆಯ್ಕೆಯನ್ನು ಸಾಮಾಜಿಕ ಜಾಲತಾಣವೊಂದರಲ್ಲಿ ಪ್ರಯತ್ನಿಸಿದೆ. ಅಡುಗೆ, ಆರೋಗ್ಯಕರ ಆಹಾರ, ಸಿರಿಧಾನ್ಯ ಎಂದು ಮೂರನ್ನು ಸೇರಿಸಿದೆ. ಸೇರಿಸಿದಷ್ಟೂ ಗುಂಪು ಕಿರಿದಾಗುತ್ತದೆ ಎಂದುಕೊಂಡಿದ್ದೆ, ಹಿಗ್ಗುತ್ತಲೇ ಹೋಯಿತು. ಒಂದೇ ಪೆಟ್ಟಿಗೆಯಲ್ಲಿ ಹಾಕಿದ ಆಸಕ್ತಿಗಳ ಪೈಕಿ ಯಾವುದಾದರೂ ಒಂದಿದ್ದವರೂ ಒಳಗೆ ಬರುತ್ತಾರೆ. ಎಲ್ಲವೂ ಇದ್ದವರೇ ಬೇಕೆಂದರೆ ಎರಡನೆಯ ಷರತ್ತನ್ನು ಬೇರೆಯಾಗಿ ಹಾಕಬೇಕು. ಅಡುಗೆಯ ವಿಡಿಯೊ ನೋಡುವವರು ಮನೆಯಲ್ಲೇ ಮಾಡಿಕೊಳ್ಳುವವರು ಎಂಬುದು ನನಗೆ ಆಮೇಲೆ ಹೊಳೆಯಿತು.

ಭಾಷೆಯ ನಿಯಮವನ್ನು ಖಾಲಿ ಬಿಡಿ. ಕನ್ನಡ ಎಂದು ಆರಿಸಿದರೆ ಮೊಬೈಲನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡಿರುವ ಅಚ್ಚಗನ್ನಡಿಗರೆಲ್ಲ ಹೊರಗುಳಿಯುತ್ತಾರೆ.

ನಂಬರುಗಳ ಪಟ್ಟಿ ಒಳ್ಳೆಯ ಉಪಾಯವೇ. ಹಳೆಯ ಗಿರಾಕಿಗಳನ್ನು ನೆನಪಿಸಬಹುದು, ಅವರನ್ನು ಹೋಲುವ ಹೊಸಬರನ್ನೂ ಹುಡುಕಿಸಬಹುದು. ಆದರೆ ರೊಟ್ಟಿ ಮುಟ್ಟಿಸಲೆಂದು ಕೊಟ್ಟ ನಂಬರನ್ನು ಜಾಹೀರಾತಿಗೆ ಬಳಸಬೇಕಾದರೆ ಅವರನ್ನು ಕೇಳಬೇಕು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯ ಆಶಯವೂ ಅದೇ. ಕಾಯ್ದೆ ಇರದಿದ್ದರೂ ಕೇಳದೆ ಏರಿಸಲು ನನಗೆ ಮನಸ್ಸಾಗುತ್ತಿರಲಿಲ್ಲ. ನಾವು ದಿನಾ ಅವರ ಮನೆಬಾಗಿಲಿಗೆ ಹೋಗುವವರು. ಕೇಳಿದಾಗ ಒಪ್ಪಿದವರು 61 ಜನ. ಹೋಲುವವರನ್ನು ಹುಡುಕಿಸಲು ಕನಿಷ್ಠ 100 ಬೇಕಿತ್ತು. ಅಲ್ಲಿಗೆ ಅದು ನಿಂತಿತು.

ಇನ್ನು ಪಿನ್, ಅದೇ ಸಾಮಾಜಿಕ ಜಾಲತಾಣದಲ್ಲಿ. ಇದನ್ನೂ ಮೊದಲ ಸಲ ತಪ್ಪಾಗಿಯೇ ನೆಟ್ಟೆ. ವಿದ್ಯಾನಗರವನ್ನು ನಡುವಿಟ್ಟು ಐದು ಕಿಲೋಮೀಟರಿನ ವೃತ್ತ ಎಳೆದಾಗ ರೈಲು ನಿಲ್ದಾಣವೂ ಒಳಗೆ ಬಂತು. ಇತ್ತೀಚೆಗೆ ಆ ಜಾಗದಲ್ಲಿ ಇದ್ದುಹೋದವರನ್ನೂ ಆ ಜಾಲತಾಣ ಸ್ಥಳೀಯರ ಜೊತೆ ಎಣಿಸುತ್ತದೆ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ರೈಲು ಬದಲಿಸಿ ಹೊರಟವರಿಗೆಲ್ಲ ರೊಟ್ಟಿ ತೋರಿಸಿ ನಮಗೇನು ಬಂತು?

ಆಮೇಲೆ ನಮ್ಮ ಹುಡುಗ ಸ್ಕೂಟರಿನಲ್ಲಿ ನಿಜವಾಗಿ ಹೋಗುವ ದಾರಿಯನ್ನು ಕಾಗದದ ಮೇಲೆ ಬರೆದು ನೋಡಿದೆ. ಗಿರಾಕಿಗಳೆಲ್ಲ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ದಾರಿಗುಂಟ ಇದ್ದಾರೆ: ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ. ಧಾರವಾಡದ ಕಡೆಗೆ ಚಾಚಿದ ಉದ್ದನೆಯ ಪಟ್ಟಿ ಅದು, ಒಂದು ವೃತ್ತದಲ್ಲಿ ಹಿಡಿಯುವಂಥದ್ದಲ್ಲ. ಹಾಗಾಗಿ ವಿದ್ಯಾನಗರ, ಉಣಕಲ್, ನವನಗರಗಳಲ್ಲಿ ಒಂದೊಂದು ಪಿನ್ ನೆಟ್ಟು ತಲಾ ಎರಡು ಕಿಲೋಮೀಟರ್ ಕೊಟ್ಟೆ. ನಿಲ್ದಾಣ ತಾನಾಗಿಯೇ ಹೊರಗುಳಿಯಿತು. ಗುಂಪು ತೀರಾ ಚಿಕ್ಕದಾಯಿತು ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತಲೇ ಇರುತ್ತದೆ. ನಮ್ಮ ಒಲೆಯೂ ಚಿಕ್ಕದೇ, ಬರಲಿ. ವಯಸ್ಸು, ಆಸಕ್ತಿ ಯಾವುದನ್ನೂ ತುಂಬಿಲ್ಲ.

ಖರ್ಚು ಈಗ ದಿನಕ್ಕೆ 150 ರೂಪಾಯಿ. ರಾತ್ರಿ ಊಟದ ಆರ್ಡರುಗಳು ಬರುವುದು ಸಂಜೆ. ನಾಲ್ಕಕ್ಕೆ ನಾನೇ ಜಾಹೀರಾತು ಶುರುಮಾಡಿ ಎಂಟಕ್ಕೆ ನಿಲ್ಲಿಸುತ್ತೇನೆ. ದಿನವೂ ಹೀಗೆ ಕೈಯಿಂದ ಮಾಡುವುದು ಬೇಸರವೆನಿಸುವವರಿಗೆ, ಯಾರಾದರೂ ಹುಡುಕಿದಾಗ ಮಾತ್ರ ಕಾಣುವ ಆ ಮೊದಲಿನ ಹುಡುಕಾಟದ ಜಾಹೀರಾತಿನಲ್ಲಿ ಎರಡನೆಯ ಆಯ್ಕೆ ಹಚ್ಚಿದ ಊರಿನ ಹೆಸರೂ ನಡೆದೀತು.

ಆ ಎಂಟು ದಿನಗಳಲ್ಲಿ ದೂರದಿಂದ ಫೋನ್ ಮಾಡಿದವರ ಹೆಸರುಗಳನ್ನು ಅಕ್ಕ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ಅವರನ್ನು ಕೇಳಿಯೇ, ಬರೆದಿಟ್ಟಿದ್ದಾಳೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮುರಿಯದೆ ಚೆಲ್ಲದೆ ಹೋಗುವಂತಹ ಡಬ್ಬಿ ಹುಡುಕುತ್ತಿದ್ದೇವೆ. ಅದು ಸಿಕ್ಕ ದಿನ ಅವರಿಗಾಗಿ ಬೇರೆ ಜಾಹೀರಾತು ಹಾಕುತ್ತೇನೆ, ಅದಕ್ಕೆ ಆ ಮೊದಲನೆಯ ಆಯ್ಕೆಯನ್ನೇ ಇಡುತ್ತೇನೆ.