ಐಡ್ಲರ್ ಪುಲ್ಲಿಗೆ ರಬ್ಬರ್ ಸೀಲಿನ 6203 ಬೇರಿಂಗ್: ಮೂರು ವರ್ಷ ಓಡಿಸಿದ ಮೇಲೆ

ಹಳೆಯ ಟ್ರಕ್ಕಿನ ಐಡ್ಲರ್ ಪುಲ್ಲಿ (ಎಂಜಿನ್ ಬೆಲ್ಟನ್ನು ಅದರ ಹಾದಿಯಲ್ಲಿ ಹಿಡಿದಿಡುವ ಗಾಲಿ) ಸದ್ದು ಮಾಡತೊಡಗಿದರೆ ಇಡೀ ಪುಲ್ಲಿ ಎಸೆಯಬೇಕಿಲ್ಲ. ಪುಲ್ಲಿ ಉಕ್ಕಿನದಾಗಿದ್ದು ಬೋರು (ಬೇರಿಂಗ್ ಕೂರುವ ತೂತು) ಸವೆಯದಿದ್ದರೆ ಬೇರಿಂಗ್ ಒಂದನ್ನೇ ಬದಲಿಸಿದರೆ ಸಾಕು. ಹಾಕಿದ್ದು 6203, ಎರಡೂ ಬದಿ ರಬ್ಬರ್ ಸೀಲು, ಸಿ3 ಸಡಿಲ (ಒಳಗಿನ ಗುಂಡುಗಳಿಗೆ ಸಾಮಾನ್ಯಕ್ಕಿಂತ ತುಸು ಹೆಚ್ಚು ಜಾಗ). ಮೂರು ವರ್ಷವಾಯಿತು, ಸದ್ದೂ ಇಲ್ಲ, ಅಲುಗಾಟವೂ ಇಲ್ಲ. ಐದಕ್ಕೆ ನಾಲ್ಕೂವರೆ ಅಂಕ.

ಮೊದಲು ತಪ್ಪು ಯಾರದೆಂದು ಖಚಿತಪಡಿಸಿಕೊಳ್ಳಿ. ಎಂಜಿನ್ ಓಡುವಾಗ ಬೆಲ್ಟಿನ ಮೇಲೆ ಸ್ವಲ್ಪ ನೀರು ಚಿಮುಕಿಸಿದಾಗ ಸದ್ದು ಬದಲಾದರೆ ದೋಷ ಬೆಲ್ಟಿನದು ಅಥವಾ ಪುಲ್ಲಿಗಳ ಸಾಲಿನದು. ಬದಲಾಗದಿದ್ದರೆ ಬೇರಿಂಗನ್ನು ಅನುಮಾನಿಸಿ. ಎಂಜಿನ್ ನಿಲ್ಲಿಸಿ ಬೆಲ್ಟ್ ತೆಗೆದು ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಒಳ್ಳೆಯ ಬೇರಿಂಗ್ ಗ್ರೀಸಿನ ಹಿಡಿತಕ್ಕೆ ಒಂದೆರಡು ಸುತ್ತಿನಲ್ಲೇ ಮೆತ್ತಗೆ ನಿಲ್ಲುತ್ತದೆ. ಬುಗುರಿಯ ಹಾಗೆ ತಿರುಗುತ್ತಲೇ ಇದ್ದು ಒಳಗೆ ಜರಜರ ಎಂದರೆ ಗ್ರೀಸ್ ಒಣಗಿದೆ. ಸಲೀಸಾಗಿ ತಿರುಗಿತು ಎಂದು ಸಂತೋಷಪಟ್ಟು ಹಾಗೇ ಬಿಡುವವರು ಬಹಳ. ನಡುವಿನ ಟೋಪಿಯ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರಂತೂ ಮತ್ತೆ ಪರೀಕ್ಷೆಯೇ ಬೇಡ.

6203ರ ಅಳತೆ: ಒಳವ್ಯಾಸ 17 ಮಿ.ಮೀ., ಹೊರವ್ಯಾಸ 40, ಅಗಲ 12. ಎಲ್ಲ ಪುಲ್ಲಿಯಲ್ಲೂ ಇದೇ ಇರುವುದಿಲ್ಲ. ಹಳೆಯದರ ಮೇಲಿನ ಸಂಖ್ಯೆ ಓದಿಯೇ ತನ್ನಿ. ಸೀಲಿನ ಗುರುತು ಕಂಪನಿಗೊಂದು ಥರ: 2ಆರ್‌ಎಸ್ ಸಾಮಾನ್ಯ, ಎನ್‌ಎಸ್‌ಕೆಯಲ್ಲಿ ಡಿಡಿಯು, ಎನ್‌ಟಿಎನ್‌ನಲ್ಲಿ ಎಲ್‌ಎಲ್‌ಯು. ಝಡ್‌ಝಡ್ ಎಂದಿದ್ದರೆ ಅದು ತಗಡಿನ ಮುಚ್ಚಳ. ಅದರ ಅಂಚು ಒಳರಿಂಗಿಗೆ ತಾಗುವುದಿಲ್ಲ, ಆ ಸಂದಿಯಲ್ಲಿ ಧೂಳೂ ನೀರೂ ನುಗ್ಗುತ್ತವೆ. ಟ್ರಕ್ಕಿನ ಮುಂಭಾಗಕ್ಕೆ ಅದು ಬೇಡ.

ಸಿ3 ಏಕೆ? ಬೆಲ್ಟನ್ನು ಓಡಿಸುವ 180 ಮಿ.ಮೀ. ಕ್ರ್ಯಾಂಕ್ ಪುಲ್ಲಿ ನಿಮಿಷಕ್ಕೆ 2,500 ಸುತ್ತು ಹಾಕುವಾಗ 75 ಮಿ.ಮೀ. ಐಡ್ಲರ್ 6,000 ಸುತ್ತು ಹಾಕಬೇಕು. ಆ ಬಿಸಿಗೆ ರಿಂಗುಗಳು ಹಿಗ್ಗುತ್ತವೆ, ಬಿಗಿಯಾಗಿ ಒತ್ತಿ ಕೂರಿಸಿದಾಗಲೂ ಒಳಗಿನ ಸಡಿಲ ಕಡಿಮೆಯಾಗುತ್ತದೆ. ಗುಂಡುಗಳಿಗೆ ಆಡಲು ಜಾಗ ಉಳಿಯಲಿ ಎಂದೇ ಸಿ3.

ಬಿಚ್ಚುವ ಮೊದಲು ಬೆಲ್ಟ್ ಹಾದಿಯ ಫೋಟೊ ತೆಗೆದಿಡಿ. ಕೆಲವು ಪುಲ್ಲಿ ಬೋಲ್ಟುಗಳಿಗೆ ಎಡಮರೆ (ಬಲಕ್ಕೆ ತಿರುಗಿಸಿದರೆ ಬಿಚ್ಚುವ ತಿರುಪು) ಇರುತ್ತದೆ, ಬಲ ಹಾಕುವ ಮುನ್ನ ಗಮನಿಸಿ. ಟೋಪಿ ಮತ್ತು ನಡುವಿನ ಬುಷ್ (ಬೋಲ್ಟ್ ಹಾಯುವ ಕೊಳವೆ) ಜೋಪಾನ. ಬುಷ್ ಬಿಟ್ಟು ಕಟ್ಟಿದರೆ ಬೋಲ್ಟಿನ ಬಿಗಿತ ಒಳರಿಂಗನ್ನು ಸರಿಯಾಗಿ ಹಿಡಿಯದೆ ಅದು ಬೋಲ್ಟಿನ ಮೇಲೇ ತಿರುಗುತ್ತದೆ. ಬೇರಿಂಗನ್ನು ಹಿಡಿದಿಡುವ ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ಇದ್ದರೆ ತೆಗೆದು, ಪುಲ್ಲಿಯ ಅಂಚಿಗೆ ಆಸರೆ ಕೊಟ್ಟು ಹಳೆಯದನ್ನು ವೈಸಿನಲ್ಲಿ ಒತ್ತಿ ಹೊರಡಿಸಿ.

ಹೊಸದನ್ನು ಕೂರಿಸುವಾಗ ಒತ್ತಡ ಹೊರರಿಂಗಿನ ಮೇಲೆ ಮಾತ್ರ ಬೀಳಬೇಕು. ಹೊರವ್ಯಾಸ 40ಕ್ಕಿಂತ ಕೂದಲೆಳೆ ಕಡಿಮೆ ಇರುವ ಸಾಕೆಟ್ ಇಟ್ಟು, ವೈಸನ್ನು ಕಾಲು ಕಾಲು ಸುತ್ತು ಬಿಗಿಯುತ್ತಾ ನೇರವಾಗಿ ಇಳಿಯುತ್ತಿದೆಯೇ ನೋಡಿ. ತಳ ಮುಟ್ಟಿದ ಕೂಡಲೇ ಹಿಡಿ ಗಟ್ಟಿಯಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಒಳರಿಂಗಿಗೆ ಸುತ್ತಿಗೆ ಪೆಟ್ಟು ಕೊಟ್ಟರೆ ಗುಂಡುಗಳು ಹಳಿಯಲ್ಲಿ ಸಣ್ಣ ಗುಳಿ ಬೀಳಿಸುತ್ತವೆ. ಅಂದು ಏನೂ ಕಾಣಿಸದು, ಕೆಲವೇ ವಾರಕ್ಕೆ ಗುರುಗುರು ಶುರು. "ಹೊಸ ಬೇರಿಂಗ್ ಬಾಳಲಿಲ್ಲ" ಎನ್ನುವ ದೂರುಗಳಲ್ಲಿ ಎಷ್ಟೋ ಬೇರಿಂಗಿನ ತಪ್ಪಲ್ಲ, ಕೂರಿಸಿದ ರೀತಿಯದು.

ಕೈಯಿಂದಲೇ ಜಾರಿ ಒಳಹೋದರೆ ಬೋರು ಸವೆದಿದೆ ಎಂದರ್ಥ. ಅಂಟು ಹಾಕಿ ಹಿಡಿಸಬಹುದು, ಆದರೆ ಅದು ಮನೆ ಮುಟ್ಟುವವರೆಗಿನ ಉಪಾಯ, ಪುಲ್ಲಿಯನ್ನೇ ಬದಲಿಸಿ. ಪ್ಲಾಸ್ಟಿಕ್ ಪುಲ್ಲಿಯನ್ನು ಬೇರಿಂಗಿನ ಸುತ್ತಲೇ ಎರಕ ಹೊಯ್ದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಅರ್ಧ ಅಂಕ ಕಳೆದದ್ದು ಸೀಲಿನ ರಬ್ಬರಿಗೆ. ಸಾಮಾನ್ಯ ನೈಟ್ರೈಲ್ ರಬ್ಬರ್ ಸತತ ಬಿಸಿಗೆ ಗಟ್ಟಿಯಾಗುತ್ತದೆ. ಟರ್ಬೊ ಅಥವಾ ಎಕ್ಸಾಸ್ಟ್ ಪಕ್ಕದ ಪುಲ್ಲಿಗೆ ಹೆಚ್ಚು ಶಾಖ ತಡೆಯುವ ಎಫ್‌ಕೆಎಂ ಸೀಲಿನದನ್ನು ಹುಡುಕುವುದು ಮೇಲು. ಎಂಜಿನ್ ತೊಳೆಯುವಾಗ ಜೋರು ನೀರಿನ ಧಾರೆಯನ್ನು ಪುಲ್ಲಿಯ ನಡುವಿಗೆ ನೇರ ಹಿಡಿಯಬೇಡಿ, ಯಾವ ಸೀಲೂ ಅದನ್ನು ತಡೆಯುವುದಿಲ್ಲ.

ಬೆಲ್ಟ್ ಮತ್ತೆ ಹಾಕುವ ಮುನ್ನ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಪುಲ್ಲಿಯನ್ನೂ ಹಾಗೇ ತಿರುಗಿಸಿ ನೋಡಿ. ಅದರಲ್ಲೂ ಜರಜರ ಕೇಳಿದರೆ ಇದೇ ಕೈಯಲ್ಲಿ ಅದನ್ನೂ ಮುಗಿಸಿ.