ಸ್ಲಂ ಬೋರ್ಡ್ ಮನೆ ಕೊಡಿಸ್ತೀನಿ ಅಂದವರಿಗೆ ದುಡ್ಡು ಕೊಡಬೇಡಿ. ನಾನು ಐದೂವರೆ ಲಕ್ಷ ಕೊಟ್ಟೆ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ತಿಂಗಳು ಯೋಚನೆ ಮಾಡಿದೆ. ನಮ್ಮ ಯಜಮಾನರು ಬೇಡ ಅಂದರು, ಮರ್ಯಾದೆ ಹೋಗುತ್ತೆ ಅಂದರು. ಹೋಗುವುದೆಲ್ಲ ಹೋಗಿ ಆಗಿದೆ, ಇನ್ನೇನು ಉಳಿದಿದೆ? ಹೋದ ವಾರ ನನ್ನಿಂದ ದುಡ್ಡು ತಗೊಂಡ ಅದೇ ಮನುಷ್ಯ, ತನ್ನ ಅದೇ ಝೆರಾಕ್ಸ್ ಅಂಗಡಿ ಮುಂದೆ, ಇನ್ಯಾರೋ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಟೀ ಕುಡಿಸುತ್ತಿದ್ದ. ಆ ಹೆಂಗಸಿನ ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಫೈಲ್ ಇತ್ತು. ನನ್ನ ಹತ್ತಿರವೂ ಅದೇ ಫೈಲ್ ಇದೆ. ಅವನ ಅಂಗಡಿಯಲ್ಲೇ ಕೊಟ್ಟದ್ದು, ಹತ್ತು ರೂಪಾಯಿ ತಗೊಂಡಿದ್ದ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಓದು ಬರಹ ಬಾರದವಳಲ್ಲ. ಬಿ.ಕಾಂ. ಆಗಿದೆ. ಪೈಪು, ಫಿಟ್ಟಿಂಗ್ಸ್ ಮಾರುವ ಹೋಲ್‌ಸೇಲ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತೇನೆ. ಜಿಎಸ್‌ಟಿ ಬಿಲ್ಲಿನಲ್ಲಿ ಒಂದು ಅಂಕಿ ತಪ್ಪಿದ್ದರೂ ಪಾರ್ಟಿಗೆ ವಾಪಸ್ ಕಳಿಸುವವಳು ನಾನು. ಅಂಥವಳು ನಾಲ್ಕು ಹಾಳೆ ಓದದೆ ಸಹಿ ಹಾಕಿದೆ. ನಾಲ್ಕೇ ನಾಲ್ಕು ಹಾಳೆ.

ನಾವು ಲಗ್ಗೆರೆ ಕಡೆ ಬಾಡಿಗೆಗೆ ಇದ್ದೆವು. ಒಂದು ಹಾಲ್, ಒಂದು ರೂಮು. ಬಾಡಿಗೆ ಹನ್ನೊಂದು ಸಾವಿರ, ನೀರಿಗೆ ಐನೂರು ಬೇರೆ. ಯುಗಾದಿ ಬಂದರೆ ಓನರ್ ಐನೂರು ಏರಿಸುವುದು ಗ್ಯಾರಂಟಿ. ಇಬ್ಬರ ದುಡಿಮೆ ಸೇರಿ ತಿಂಗಳಿಗೆ 38 ಸಾವಿರ. 2024ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಸುತ್ತು ಬಂದಾಗ ನಾನೇ ಕೂತು ಓದಿದ್ದೆ. ವರ್ಷಕ್ಕೆ 3ರಿಂದ 6 ಲಕ್ಷ ಆದಾಯ ಇರುವವರಿಗೆ ಬಡ್ಡಿ ಸಹಾಯಧನ ಇದೆ, ಹೆಚ್ಚೆಂದರೆ 1.80 ಲಕ್ಷ. ಆದರೆ ಮನೆ ಬೆಲೆ 35 ಲಕ್ಷ ದಾಟಬಾರದು. ಮೊದಲು ಬ್ಯಾಂಕಿನವರು ಸಾಲ ಕೊಡಬೇಕು. ನಮ್ಮ ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ, ಅವರಿಗೆ ಸ್ಯಾಲರಿ ಸ್ಲಿಪ್ ಎಲ್ಲಿಂದ ಬರಬೇಕು? ಬೆಂಗಳೂರಿನಲ್ಲಿ 35 ಲಕ್ಷದೊಳಗೆ ಕಾಗದಪತ್ರ ಸರಿ ಇರುವ ಫ್ಲ್ಯಾಟ್ ತೋರಿಸಿ ನೋಡೋಣ. ಇಂಥ ಹೊತ್ತಿನಲ್ಲಿ ಯಾರಾದರೂ ಆರೂವರೆ ಲಕ್ಷಕ್ಕೆ ಮನೆ ಇದೆ ಅಂದರೆ ಕಿವಿ ನೆಟ್ಟಗಾಗದೆ ಇರುತ್ತಾ?

ಅಂದವನು ಈ ಝೆರಾಕ್ಸ್ ಅಂಗಡಿಯವನು. ಹೆಸರು ಹಾಕುವುದಿಲ್ಲ, ವಕೀಲರು ಬೇಡ ಅಂದಿದ್ದಾರೆ. ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ವಿಧವಾ ವೇತನ, ಎಲ್ಲ ಅರ್ಜಿಯೂ ಅವನ ಹತ್ತಿರವೇ. ಗಣೇಶ ಕೂರಿಸುವುದೂ ಅವನೇ. ಏರಿಯಾದಲ್ಲಿ ಎಲ್ಲರೂ ಅಣ್ಣ ಅಂತಾರೆ. ನಾನೂ ಅಣ್ಣ ಅಂತಿದ್ದೆ. ಅವನು ನನ್ನನ್ನು ತಂಗಿ ಅಂತಿದ್ದ.

2024ರ ಮಾರ್ಚ್‌ನಲ್ಲಿ ಕೆ.ಆರ್. ಪುರದಲ್ಲಿ ಮುಖ್ಯಮಂತ್ರಿಗಳು ಸ್ಲಂ ಬೋರ್ಡಿನ (ಕೊಳಗೇರಿ ಜನರಿಗೆ ಮನೆ ಕಟ್ಟಿಕೊಡುವ ಸರ್ಕಾರಿ ಮಂಡಳಿ) 36,789 ಮನೆ ಹಂಚಿದ ಸುದ್ದಿ ಬಂದಿತ್ತಲ್ಲ, ಆ ಪೇಪರ್ ಕಟಿಂಗನ್ನು ಲ್ಯಾಮಿನೇಟ್ ಮಾಡಿಸಿ ಅಂಗಡಿಯಲ್ಲಿ ನೇತುಹಾಕಿದ್ದ. "ನೋಡು ತಂಗಿ, ಮನೆ ಸಿಕ್ಕಿದವರಲ್ಲಿ ಅರ್ಧ ಜನಕ್ಕೆ ಅಲ್ಲಿಗೆ ಹೋಗೋಕೆ ಇಷ್ಟ ಇಲ್ಲ. ಕೆಲಸ ಇಲ್ಲಿ, ಮನೆ ಎಲ್ಲೋ. ಅವರು ಬಿಟ್ಟುಕೊಡ್ತಾರೆ, ನಾವು ತಗೊಳ್ಳೋದು. ಐದು ವರ್ಷ ಜಿಪಿಎ ಮೇಲೆ ಇರಿ, ಆಮೇಲೆ ನಿಮ್ಮ ಹೆಸರಿಗೆ ರಿಜಿಸ್ಟರ್." ಜಿಪಿಎ ಅಂದರೆ ತಮ್ಮ ಪರವಾಗಿ ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ. ಅವನ ಮಾತಲ್ಲಿ ಒಂದೂ ಸುಳ್ಳು ಅಂತ ಅನ್ನಿಸಲಿಲ್ಲ. ನಿಮಗೆ ಅನ್ನಿಸುತ್ತಾ?

ಮನೆ ತೋರಿಸಿದ. ಮೂರನೇ ಮಹಡಿ. ಗೋಡೆಗೆ ಹೊಸ ಸುಣ್ಣ, ಅಡುಗೆಮನೆ ಕಿಟಕಿಯಿಂದ ಗಾಳಿ. ಕೆಳಗೆ ಐದು ರೂಪಾಯಿ ಕಾಯಿನ್ ಹಾಕಿದರೆ ಕ್ಯಾನ್ ತುಂಬುವ ನೀರಿನ ಘಟಕ. ನಮ್ಮ ಮಗಳು ಆಗಲೇ ತನ್ನ ಪುಸ್ತಕ ಎಲ್ಲಿಡಬೇಕು ಅಂತ ಜಾಗ ನೋಡುತ್ತಿದ್ದಳು.

ದುಡ್ಡು ಹೇಗೆ ಹೊಂದಿಸಿದೆವು ಕೇಳಿ. ಚೀಟಿ ಎತ್ತಿದ್ದು ಎರಡೂವರೆ. ನನ್ನ ಸರ, ಅಮ್ಮನ ಬಳೆ ಗಿರವಿ ಇಟ್ಟು ಎರಡು. ನಾದಿನಿ ಗಂಡನ ಹತ್ತಿರ ಒಂದು. ಉಳಿದ ಒಂದು ಲಕ್ಷ ರಿಜಿಸ್ಟ್ರೇಷನ್ ದಿನ ಕೊಡುವುದು ಅಂತ ಮಾತು. ಎಲ್ಲ ಕ್ಯಾಶ್. ಐವತ್ತು ಸಾವಿರ ಮಾತ್ರ ಫೋನ್‌ಪೇ ಮಾಡಿದೆವು, ಅದೂ ಅವನ ಬಾಮೈದನ ನಂಬರಿಗೆ. ಮನೆ ಯಾರ ಹೆಸರಿಗೆ ಹಂಚಿಕೆ ಆಗಿತ್ತೋ ಆ ಅಮ್ಮನ ಬಗ್ಗೆ, "ಆಯಮ್ಮಂಗೆ ಬ್ಯಾಂಕ್‌ನಲ್ಲಿ ಹಾಕಿದ್ರೆ ಬಿಪಿಎಲ್ ಕಾರ್ಡ್ ಹೋಗುತ್ತೆ ತಂಗಿ" ಅಂದ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಜಾಸ್ತಿ ಮುಂಗಡ ಕ್ಯಾಶ್ ತಗೊಳ್ಳುವ ಹಾಗಿಲ್ಲ ಅಂತ ಆದಾಯ ತೆರಿಗೆ ಕಾನೂನಿನಲ್ಲಿದೆ. ನನಗೆ ಗೊತ್ತು. ನಮ್ಮ ಸಾಹುಕಾರರಿಗೆ ಎಷ್ಟೋ ಸಲ ನಾನೇ ಹೇಳಿದ್ದೇನೆ. ಮನೆ ವಿಷಯಕ್ಕೆ ಬಂದಾಗ ಆ ಬುದ್ಧಿ ಎಲ್ಲಿಗೆ ಹೋಗಿತ್ತೋ.

ಸಹಿ ಹಾಕಿದ ದಿನ. ಕೋರ್ಟ್ ಹತ್ತಿರ ಒಂದು ನೋಟರಿ ಟೇಬಲ್. ಮನೆ ಹಂಚಿಕೆ ಆಗಿದ್ದ ಅಮ್ಮ ಆ ಕಡೆ ಬೆಂಚಿನಲ್ಲಿ, ನಾವು ಈ ಕಡೆ. ಮಧ್ಯೆ ಇವನು. ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದ: "ಆಯಮ್ಮನ ಹತ್ರ ದುಡ್ಡಿನ ಮಾತು ಎತ್ತಬೇಡ ತಂಗಿ, ನೀವು ಬಾಯಿ ಬಿಟ್ರೆ ರೇಟ್ ಏರಿಸ್ತಾಳೆ." ನಾವು ಸುಮ್ನೆ ನಕ್ಕೆವು, ಆ ಅಮ್ಮನೂ ನಕ್ಕರು. ಅಷ್ಟೇ ನಮ್ಮ ಮಾತುಕತೆ. ನೂರು ರೂಪಾಯಿ ಇ-ಸ್ಟಾಂಪ್ ಪೇಪರ್, ಹಿಂದೆ ಮೂರು ಹಾಳೆ, ಎಲ್ಲ ಇಂಗ್ಲಿಷ್. ಅವನೇ ಬೆರಳಿಟ್ಟು ಕನ್ನಡದಲ್ಲಿ ಹೇಳುತ್ತಾ ಹೋದ. ಇದು ಮನೆ ನಂಬರ್, ಇದು ನಿಮ್ಮ ಹೆಸರು, ಇಲ್ಲಿ ಅವರು ನಿಮಗೆ ಬಿಟ್ಟುಕೊಟ್ಟಿದ್ದಾರೆ ಅಂತ ಇದೆ. ಬೆರಳು ಓಡುತ್ತಿತ್ತು, ನಾನು ಬೆರಳನ್ನೇ ನೋಡುತ್ತಿದ್ದೆ. ಹಾಳೆ ನೋಡಲಿಲ್ಲ. ಸಹಿ, ಸಹಿ, ಸಹಿ, ಸಹಿ.

ಆಮೇಲೆ ಏಳು ತಿಂಗಳು ನಾವು ಓನರ್‌ಗಳು! ಬಾಗಿಲಿಗೆ ಗ್ರಿಲ್ ಹಾಕಿಸಿದೆವು, 14 ಸಾವಿರ. ಬಚ್ಚಲಿಗೆ ಟೈಲ್ಸ್ ಬೇರೆ. ಬ್ಲಾಕಿನ ಮೋಟರ್ ಕೆಟ್ಟಾಗ ಎಲ್ಲರಿಗಿಂತ ಮೊದಲು ಐನೂರು ಕೊಟ್ಟವಳು ನಾನು, ಸ್ವಂತ ಮನೆ ಅಲ್ವಾ ಅಂತ.

ಗೃಹಜ್ಯೋತಿ ನಮ್ಮ ಹೆಸರಿಗೆ ಮಾಡಿಸೋಣ, ಹಾಗೇ ಕರೆಂಟ್ ಮೀಟರಿನ ಆರ್.ಆರ್. ನಂಬರಿನಲ್ಲಿ ಹೆಸರು ಬದಲಾಯಿಸೋಣ ಅಂತ ಬೆಸ್ಕಾಂ ಆಫೀಸಿಗೆ ಹೋದೆ. ಕೌಂಟರಿನಲ್ಲಿ ಒಬ್ಬ ಹುಡುಗಿ. ನೀಲಿ ಫೈಲ್ ಕೊಟ್ಟೆ. ಮೊದಲ ಹಾಳೆ ನೋಡಿದಳು. ತಿರುಗಿಸಿದಳು. ಮತ್ತೆ ಮೊದಲ ಹಾಳೆಗೆ ಬಂದಳು.

"ಮೇಡಂ, ಇದು ಮನೆ ಪತ್ರ ಅಲ್ಲ. ಲೋನ್ ಅಗ್ರಿಮೆಂಟ್."

ನಾನು ನಕ್ಕುಬಿಟ್ಟೆ. ಇಲ್ಲಮ್ಮಾ, ಸರಿಯಾಗಿ ನೋಡು ಅಂದೆ. ಅವಳು ಪೆನ್ನಿನಿಂದ ತೋರಿಸಿದಳು. ಆ ಅಮ್ಮ ಮನೆ ಖರ್ಚಿಗೆ ಅಂತ ನನ್ನಿಂದ ಎರಡು ಲಕ್ಷ ಕೈಸಾಲ ತಗೊಂಡಿದ್ದಾರೆ. ಬಡ್ಡಿ ಇಲ್ಲ. ಬಡ್ಡಿ ಬದಲು ನಾವು ಮನೆಯಲ್ಲಿ ಇರಬಹುದು. ಹನ್ನೊಂದು ತಿಂಗಳಿಗೆ ಅವರು ದುಡ್ಡು ಕೊಡಬೇಕು, ನಾವು ಮನೆ ಬಿಡಬೇಕು. ಕೆಳಗೆ ನನ್ನ ಸಹಿ. ಚೆನ್ನಾಗಿ, ಗುಂಡಗೆ, ಪೂರ್ತಿ ಹೆಸರು ಬರೆದ ಸಹಿ. ಹಿಂದೆ ಕ್ಯೂನಲ್ಲಿದ್ದವರು "ಬೇಗ ಬನ್ನಿ ಮೇಡಂ" ಅಂತಿದ್ದರು. ಕಾಲು ಅಲ್ಲೇ ನೆಟ್ಟ ಹಾಗಾಯಿತು. ಐದೂವರೆ ಕೊಟ್ಟಿದ್ದೇನೆ, ಅಲ್ಲಿ ಎರಡು ಅಂತ ಇದೆ. ಐದೂವರೆ ಕೊಟ್ಟಿದ್ದೇನೆ.

ಹೊರಗೆ ಬಂದು ಅಲ್ಲೇ ನಿಂತು ಫೋನ್ ಮಾಡಿದೆ. "ಅಯ್ಯೋ ಅದಾ? ಸ್ಲಂ ಬೋರ್ಡ್ ಮನೆಗೆ ಎಲ್ಲಾ ಹಂಗೇ ಬರೆಸೋದು. ಮಾರಾಟ ಅಂತ ಬರೆದ್ರೆ ಬೋರ್ಡ್‌ನೋರು ಸುಮ್ನೆ ಬಿಡ್ತಾರಾ? ನಿಮ್ಮ ಸೇಫ್ಟಿಗೇ ಮಾಡಿರೋದು ಮೇಡಂ." ಮೇಡಂ! ಅವತ್ತೇ ಗಮನಿಸಬೇಕಿತ್ತು, ತಂಗಿ ಹೋಗಿ ಮೇಡಂ ಆಗಿತ್ತು. ಗಮನಿಸಲಿಲ್ಲ. ಅವನ ಮಾತು ಮತ್ತೆ ಸರಿ ಅನ್ನಿಸಿತು. ಒಂದು ಸಲ ಮೋಸ ಹೋದರೆ ಅವನ ತಪ್ಪು ಅನ್ನಿ. ನಾನು ಅದರ ಮೇಲೆ ಇನ್ನೂ ನಾಲ್ಕು ತಿಂಗಳು ಸುಮ್ನೆ ಕೂತೆ.

ಹನ್ನೊಂದನೇ ತಿಂಗಳು, ಒಂದು ಭಾನುವಾರ. ಬೆಲ್ ಆಯಿತು. ಆ ಅಮ್ಮ ನಿಂತಿದ್ದರು, ಕೈಯಲ್ಲಿ ಅಕ್ಕಿ ಚೀಲ ಹೊಲಿದು ಮಾಡಿದ ಬ್ಯಾಗು. ಒಳಗೆ ಬಂದು ನೆಲದ ಮೇಲೆ ಕೂತು ಬ್ಯಾಗಿನಿಂದ ದುಡ್ಡು ತೆಗೆದರು. ಐನೂರರ ಕಟ್ಟು, ಇನ್ನೂರರ ಕಟ್ಟು, ರಬ್ಬರ್ ಬ್ಯಾಂಡ್ ಸುತ್ತಿದ್ದು.

"ಅವಧಿ ಮುಗೀತಲ್ಲಕ್ಕಾ. ಎರಡು ಲಕ್ಷ ಆಗ್ಲಿಲ್ಲ, ಒಂದೂವರೆ ತಂದಿದ್ದೀನಿ. ಸಂಘದಲ್ಲಿ ಸಾಲ ಎತ್ತಿದೆ. ಉಳಿದಿದ್ದು ದೀಪಾವಳಿಗೆ ಕೊಡ್ತೀನಿ. ಮನೆ ಯಾವಾಗ ಬಿಡ್ತೀರಾ?"

ಅವರ ಮಗನಿಗೆ ಆಕ್ಸಿಡೆಂಟ್ ಆಗಿ ಆಸ್ಪತ್ರೆಗೆ ದುಡ್ಡು ಬೇಕಿತ್ತಂತೆ. ಇವನು ಹೋಗಿ, ಮನೆ ಭೋಗ್ಯಕ್ಕೆ ಹಾಕು, ಹನ್ನೊಂದು ತಿಂಗಳಿಗೆ ಬಿಡಿಸಿಕೋ ಅಂದನಂತೆ. ಎರಡು ಲಕ್ಷ ಅಂತ ಹೇಳಿ, ಕಮಿಷನ್ ಹಿಡಿದು ಒಂದೂವರೆ ಕೈಗೆ ಕೊಟ್ಟನಂತೆ. ಅವರಿಗೂ ಹೇಳಿದ್ದನಂತೆ: "ಅವರು ಬಡ್ಡಿ ಜನ, ಬಾಯಿ ಜಾಸ್ತಿ, ನೀನು ಮಾತಾಡೋಕೆ ಹೋಗಬೇಡ." ಅದಕ್ಕೇ ಅವತ್ತು ಬರೀ ನಕ್ಕಿದ್ದು. ಒಂದೇ ಒಂದು ಮಾತು, ಒಂದೇ ಮಾತು ಆಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನಾಲ್ಕು ಲಕ್ಷ ಅವನ ಹೊಟ್ಟೆಗೆ.

ಆ ಅಮ್ಮ ಹೋದ ಮೇಲೆ ಎದುರುಮನೆಯವರು ಮೆಲ್ಲಗೆ ಹೇಳಿದರು, ನಮಗಿಂತ ಮೊದಲು ಎರಡನೇ ಮಹಡಿಯಲ್ಲಿ ಒಬ್ಬರು ಹೀಗೇ ಬಂದು ಹೀಗೇ ಹೋದರಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, "ಅವನ ಹತ್ರಾನೇ ಅಲ್ವಾ ನಮ್ಮ ಪಿಂಚಣಿ ಅರ್ಜಿ ಇರೋದು." ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೂ ಆಗಲಿಲ್ಲ.

ಅಂಗಡಿಗೆ ಹೋದೆವು. ಯಜಮಾನರು ಕೂಗಾಡಿದರು. ಅವನು ಝೆರಾಕ್ಸ್ ತೆಗೆಯುವುದನ್ನು ನಿಲ್ಲಿಸಲೇ ಇಲ್ಲ.

"ಪೇಪರ್‌ನಲ್ಲಿ ನನ್ನ ಹೆಸರು ಎಲ್ಲಿದೆ ತೋರಿಸಿ ಸಾರ್."

ಇರಲಿಲ್ಲ. ಸಾಕ್ಷಿ ಸಹಿ ಅವನ ಅಂಗಡಿ ಹುಡುಗನದ್ದು.

"ಮೇಡಂ ಅಕೌಂಟ್ಸ್‌ನಲ್ಲಿ ಇದ್ದಾರೆ, ಓದಿಲ್ಲ ಅಂದ್ರೆ ಯಾರು ನಂಬ್ತಾರೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಈಗಲೂ ಇಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಇದೇ ಮಾತು ಕಿವಿಯಲ್ಲಿ ಬರುತ್ತೆ.

"ಕಂಪ್ಲೇಂಟ್ ಕೊಡಿ, ಬೇಡ ಅಂದೋರು ಯಾರು? ಬಡವರಿಗೆ ಅಂತ ಸರ್ಕಾರ ಕೊಟ್ಟ ಮನೆ ದುಡ್ಡು ಕೊಟ್ಟು ತಗೊಂಡ್ವಿ ಅಂತ ನೀವೇ ಬರೆದುಕೊಡಿ ಸ್ಟೇಷನ್‌ನಲ್ಲಿ."

ಇದೇ ಅವನ ಧೈರ್ಯ. ನಾವು ಬಾಯಿ ಬಿಡಲ್ಲ ಅನ್ನುವುದೇ ಅವನ ಬಂಡವಾಳ.

ಆದರೂ ಸ್ಟೇಷನ್‌ಗೆ ಹೋದೆವು. "ಇದು ಸಿವಿಲ್ ಮ್ಯಾಟರ್ ಕಣಮ್ಮಾ" ಅಂತ ಹಿಂಬರಹ ಕೊಟ್ಟು ಕಳಿಸಿದರು. ವಕೀಲರ ಹತ್ತಿರ ಹೋದೆವು. ಜಿಪಿಎ ಆದರೂ ಮಾಡಿಕೊಂಡಿದ್ದರೆ ಆಗುತ್ತಿತ್ತಾ ಸಾರ್ ಅಂತ ಕೇಳಿದೆ. ಜಿಪಿಎಯಿಂದ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ ಅಂದರು. ನೂರು ರೂಪಾಯಿ ದಾಟಿದ ಯಾವ ಮನೆ, ಸೈಟು ಮಾರಾಟವೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಗಬೇಕಂತೆ, ಬ್ರಿಟಿಷರ ಕಾಲದಿಂದ ಇರುವ ಕಾನೂನು. ನನ್ನ ಹತ್ತಿರ ಇದ್ದದ್ದು ನೂರು ರೂಪಾಯಿ ಸ್ಟಾಂಪ್ ಪೇಪರ್. ಸ್ಲಂ ಬೋರ್ಡ್ ಆಫೀಸಿನಲ್ಲಿ ವಿಚಾರಿಸಿದೆವು, ಹಂಚಿಕೆಯಾದ ಮನೆ ಹೀಗೆ ಕೈ ಬದಲಾಯಿಸಿದ್ದು ಗೊತ್ತಾದರೆ ಹಂಚಿಕೆಯೇ ರದ್ದಾಗಬಹುದು ಅಂದರು. ಅಂದರೆ ನಾವು ಜಗಳ ಆಡಿದರೆ ಮನೆ ಹೋಗುವುದು ಆ ಅಮ್ಮನದ್ದು. ಅವನದ್ದು ಒಂದು ಕೂದಲೂ ಕೊಂಕಲ್ಲ.

ಕಾಗದದ ಪ್ರಕಾರ ನಮಗೆ ಬರಬೇಕಾದದ್ದು ಎರಡು ಲಕ್ಷ, ಕೊಡಬೇಕಾದವರು ಆ ಅಮ್ಮ. ಅವರ ಕೈಗೆ ಸೇರಿದ್ದು ಒಂದೂವರೆ. ಅಷ್ಟೇ ಸಾಕು ಅಂದೆವು, ತಗೊಂಡೆವು. ತಗೊಳ್ಳುವಾಗ ನನ್ನ ಕೈ ನನಗೇ ಅಸಹ್ಯ ಅನ್ನಿಸಿತು, ಆದರೆ ಗಿರವಿ ಬಡ್ಡಿ ನಿಲ್ಲಲ್ಲವಲ್ಲ. ಐವತ್ತು ಸಾವಿರದ ಫೋನ್‌ಪೇ ಎಂಟ್ರಿ ಒಂದಿದೆ. ಅದನ್ನು ಹಿಡಿದು ಬಾಮೈದನಿಗೆ ವಕೀಲರು ನೋಟಿಸ್ ಕಳಿಸಿದ್ದಾರೆ. ಉತ್ತರ ಬಂತು: ಅದು ನಾವು ಕೊಡಬೇಕಿದ್ದ ಹಳೇ ಝೆರಾಕ್ಸ್ ಬಾಕಿಯಂತೆ. ಐವತ್ತು ಸಾವಿರದ ಝೆರಾಕ್ಸ್!

ನಿಮಗೆ ಹೇಳುವುದಿಷ್ಟೇ. ಹಂಚಿಕೆ ಆದ ಮನೆಯನ್ನು ಜಿಪಿಎ, ಅಗ್ರಿಮೆಂಟ್, ಭೋಗ್ಯ, ಯಾವ ಹೆಸರಿನಲ್ಲಿ ತಂದರೂ ಮುಟ್ಟಬೇಡಿ. ಮಧ್ಯದವನು "ಅವರ ಹತ್ರ ಮಾತಾಡಬೇಡಿ" ಅಂದರೆ ಮೊದಲು ಹೋಗಿ ಅವರ ಹತ್ತಿರವೇ ಮಾತಾಡಿ. ಕಾಗದ ಇಂಗ್ಲಿಷಿನಲ್ಲಿದ್ದರೆ ಮನೆಗೆ ತಂದು ಒಂದು ದಿನ ಇಟ್ಟುಕೊಂಡು ಓದಿ, ಅವಸರ ಮಾಡಿದರೆ ಎದ್ದು ಬನ್ನಿ. ಏರಿಯಾದಲ್ಲಿ ಎಲ್ಲರೂ ಅಣ್ಣ ಅನ್ನುವವನನ್ನು ನೀವೂ ಅಣ್ಣ ಅನ್ನಬೇಕು ಅಂತೇನಿಲ್ಲ. ನೀಲಿ ಫೈಲ್ ಹಿಡಿದಿದ್ದ ಅಕ್ಕಾ, ನೀವು ಇದನ್ನು ಓದುತ್ತಿದ್ದರೆ, ಉಳಿದ ದುಡ್ಡು ಕೊಡಬೇಡಿ.

ಈ ತಿಂಗಳ ಕೊನೆಗೆ ಮನೆ ಬಿಡುತ್ತಿದ್ದೇವೆ. ಸುಂಕದಕಟ್ಟೆ ಹತ್ತಿರ ಬಾಡಿಗೆ ಮನೆ ಸಿಕ್ಕಿದೆ, ಹನ್ನೆರಡೂವರೆ. ನಿನ್ನೆ ಆ ಅಮ್ಮ ಫೋನ್ ಮಾಡಿದ್ದರು. ಬಾಗಿಲ ಗ್ರಿಲ್ ಬಿಚ್ಚಿಕೊಂಡು ಹೋಗ್ತೀರಾ ಅಥವಾ ಇಟ್ಟುಹೋಗ್ತೀರಾ, ಇಟ್ಟರೆ ತಿಂಗಳಿಗೆ ಐನೂರರಂತೆ ಕೊಡ್ತೀನಿ ಅಂದರು.