‘ಆಡಿಟ್‌ಗೆ ಫೈಲ್ ರೆಡಿ ಮಾಡಿಕೊಡ್ತೀನಿ’ ಅನ್ನೋರಿದ್ದಾರೆ, ಹುಷಾರು

35,000 ರೂಪಾಯಿ ಫೀಸು ಕೊಟ್ಟು, ಸುಮಾರು 21,000 ರೂಪಾಯಿಯಲ್ಲಿ ಮುಗಿಯಬೇಕಿದ್ದ ಜಿಎಸ್‌ಟಿ ತಪ್ಪನ್ನ ವಂಚನೆ ಕೇಸಿನ ಬಾಗಿಲ ತನಕ ತಗೊಂಡು ಹೋದ ವಿಷಯ ಇದು. ಹೇಳ್ಕೊಳ್ಳೋಕೆ ನಾಚಿಕೆ. ಆದ್ರೆ ಇದೇ ‘ಪ್ಯಾಕೇಜ್’ನ ಇನ್ನೂ ಹತ್ತಾರು ಅಂಗಡಿಗಳಿಗೆ ಮಾರ್ತಿದ್ದಾರೆ ಅಂತ ಗೊತ್ತಾದ ಮೇಲೆ ಸುಮ್ಮನಿರೋಕೆ ಆಗ್ಲಿಲ್ಲ.

ನಮ್ಮದು ಸಿಮೆಂಟು, ಪೇಂಟು, ಪೈಪಿನ ಅಂಗಡಿ. 2024-25ರ ಸಾಲಿಗೆ ಆಡಿಟ್ ನೋಟಿಸ್, ಅಂದ್ರೆ ಎಡಿಟಿ-01. ಜಿಎಸ್‌ಟಿ ಕಾಯ್ದೆಯ ಕಲಂ 65ರ ಪ್ರಕಾರ ಕನಿಷ್ಠ 15 ಕೆಲಸದ ದಿನ ಮುಂಚೆ ಕೊಡಬೇಕಾದ ನೋಟಿಸ್ ಅದು, ಇಲಾಖೆಯವರು ಸರಿಯಾಗೇ ಕೊಟ್ಟಿದ್ರು. ಆದ್ರೆ ಬಂದಿದ್ದು ಯಾರ ಇಮೇಲ್‌ಗೆ? ತಿಂಗಳು ತಿಂಗಳು ರಿಟರ್ನ್ ಹಾಕೋ ಮಹಾನುಭಾವನ ಇಮೇಲ್‌ಗೆ. ನೋಂದಣಿ ಮಾಡಿಸೋವಾಗಲೇ ತನ್ನ ಮೊಬೈಲ್, ತನ್ನ ಇಮೇಲ್ ಹಾಕ್ಕೊಂಡಿದ್ದ. ಆಗ ಕೇಳಿದ್ದಕ್ಕೆ ‘ಒಟಿಪಿ ತೊಂದರೆ ನಿಮಗ್ಯಾಕೆ ಸಾರ್’ ಅಂದಿದ್ದ. ಸಹಾಯ ಅಂದ್ಕೊಂಡ್ವಿ! ನೋಟಿಸ್‌ನ ತಾರೀಖಿಗೂ ಅವನು ವಾಟ್ಸಾಪ್‌ನಲ್ಲಿ ಕಳಿಸಿದ ತಾರೀಖಿಗೂ ಮಧ್ಯೆ 13 ದಿನ. ಪೋರ್ಟಲ್‌ಗೆ ಹಾಕಿದ್ರೂ, ಅಲ್ಲಿರೋ ಇಮೇಲ್‌ಗೆ ಕಳಿಸಿದ್ರೂ ಕಾನೂನಿನ ಲೆಕ್ಕದಲ್ಲಿ ನಿಮಗೆ ತಲುಪಿದ ಹಾಗೇ. ‘ನನಗೆ ಗೊತ್ತೇ ಇರಲಿಲ್ಲ’ ಅನ್ನೋ ಮಾತು ನಡೆಯಲ್ಲ.

ಇನ್ನೂ 8 ದಿನ ಇದ್ವು. ಕಾಲಾವಕಾಶ ಬೇಕು ಅಂತ ಒಂದು ಪತ್ರ ಕೊಡಬಹುದಿತ್ತು. ಅವನು ಅದನ್ನ ಹೇಳಲೇ ಇಲ್ಲ. ಹೇಳಿದ್ದು ಇಷ್ಟು: ‘ಸಾರ್, ಸ್ಟಾಕ್ ರಿಜಿಸ್ಟರ್ ಇಲ್ಲ ಅಂದ್ರೆ ಸೀದಾ ಪೆನಾಲ್ಟಿ. ನಾನು ಪೂರ್ತಿ ಫೈಲ್ ರೆಡಿ ಮಾಡಿಕೊಡ್ತೀನಿ, 35 ಆಗುತ್ತೆ. ಅವರು ಬಂದು ಟೀ ಕುಡ್ದು ಹೋಗ್ತಾರೆ ಅಷ್ಟೇ.’ 20,000 ಯುಪಿಐ, 15,000 ಕ್ಯಾಶ್. ತೆರಿಗೆ ಸಲಹೆಗಾರ, ಬಿಲ್ ಮಾತ್ರ ಇಲ್ಲ. ಅಲ್ಲೇ ಎಚ್ಚೆತ್ಕೋಬೇಕಿತ್ತು.

ಈಗ ಅವನು ಏನು ಮಾಡಿದ, ಅದು ಯಾಕೆ ಕೆಟ್ಟಿತು ಅಂತ ಬಿಡಿಸಿ ಹೇಳ್ತೀನಿ. ಮರ್ಮ ಇರೋದು ಇಲ್ಲೇ.

ಜಿಎಸ್‌ಟಿ ನಿಯಮ 56ರ ಪ್ರಕಾರ, ಕಾಂಪೊಸಿಶನ್‌ನವರನ್ನ (ವಹಿವಾಟಿನ ಮೇಲೆ ಸಣ್ಣ ಶೇಕಡಾ ಕಟ್ಟೋ ಸಣ್ಣ ವ್ಯಾಪಾರಿಗಳನ್ನ) ಬಿಟ್ಟು ಉಳಿದ ಎಲ್ಲರೂ ಸ್ಟಾಕ್ ಲೆಕ್ಕ ಇಡಬೇಕು: ಆರಂಭದ ಶಿಲ್ಕು, ಬಂದದ್ದು, ಹೋದದ್ದು, ಕಳೆದದ್ದು, ಕೆಟ್ಟದ್ದು, ಸ್ಯಾಂಪಲ್ ಕೊಟ್ಟದ್ದು, ಉಳಿದದ್ದು. ಐಟಂವಾರು ಲೆಕ್ಕ ಅಂಗಡಿಯಲ್ಲಿ ಇರಲಿಲ್ಲ. ತಪ್ಪು ನಮ್ಮದೇ, ಒಪ್ತೀನಿ. ಆದ್ರೆ ಖರೀದಿ ಬಿಲ್ ಎಲ್ಲ ಇತ್ತು, ಮಾರಾಟದ ಬಿಲ್ ಎಲ್ಲ ಇತ್ತು. ಕೂತು ಎಣಿಸಿ, ಕೂಡಿ, ಕಳೆದಿದ್ರೆ ಲೆಕ್ಕ ಬರ್ತಿತ್ತು. ಎಣಿಸಿದ್ರೆ ಕೊರತೆಯೂ ಕಾಣ್ತಿತ್ತು, ಅದೂ ನಿಜ. ಮಳೆಗೆ ಗಟ್ಟಿಯಾದ 60 ಚೀಲ ಸಿಮೆಂಟು, ಒಣಗಿದ ಪೇಂಟು, ಒಡೆದ ಪೈಪು, ಫಿಟ್ಟಿಂಗು. ಇಂಥ ಮಾಲಿಗೆ ಕಾನೂನಲ್ಲಿ ದಾರಿ ಇದೆ. ಕಲಂ 17(5)(ಎಚ್): ನಾಶವಾದ, ಕಳೆದುಹೋದ, ಲೆಕ್ಕದಿಂದ ಕೈಬಿಟ್ಟ ಮಾಲಿನ ಮೇಲೆ ತಗೊಂಡ ಇನ್‌ಪುಟ್ ಕ್ರೆಡಿಟ್‌ನ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನ ನಾವು ಕಟ್ಟೋ ತೆರಿಗೆಯಲ್ಲಿ ಕಳೆದುಕೊಂಡದ್ದನ್ನ) ವಾಪಸ್ ಮಾಡಬೇಕು. ಚೀಲಕ್ಕೆ ತೆರಿಗೆ ಬಿಟ್ಟು 300 ರೂ. ಅಂದ್ರೆ 60 ಚೀಲಕ್ಕೆ 18,000, ಆಗಿನ ದರ ಶೇ. 28, ತೆರಿಗೆ 5,040. ಉಳಿದ ಕೆಟ್ಟ ಮಾಲು 90,000ಕ್ಕೆ ಶೇ. 18ರಂತೆ 16,200. ಒಟ್ಟು 21,240, ಜತೆಗೆ ಬಡ್ಡಿ. ತಾವಾಗಿ ತೆರಿಗೆ ಕಟ್ಟೋ ಫಾರ್ಮ್ ಡಿಆರ್‌ಸಿ-03ರಲ್ಲಿ ಕಟ್ಟಿ, ಕಾರಣ ಬರೆದು, ಚಲನ್ ಫೈಲಿಗೆ ಹಾಕಿದ್ರೆ ಆಯ್ತು. ವಂಚನೆ ಇಲ್ಲದ ತಪ್ಪಿಗೆ ಶೋಕಾಸ್ ನೋಟಿಸ್‌ಗೆ (ತೆರಿಗೆ ಯಾಕೆ ವಸೂಲಿ ಮಾಡಬಾರದು ಅಂತ ಕೇಳೋ ನೋಟಿಸ್) ಮುಂಚೆ ತೆರಿಗೆ, ಬಡ್ಡಿ ಎರಡೂ ಕಟ್ಟಿದ್ರೆ ದಂಡವೇ ಇಲ್ಲ.

ಅವನು ಏನು ಮಾಡಿದ? ಅಂಗಡಿಗೆ ಬಂದು ಒಂದು ಚೀಲವನ್ನೂ ಎಣಿಸಲಿಲ್ಲ. ಐಟಿ ರಿಟರ್ನ್‌ನಲ್ಲಿ ತೋರಿಸಿದ್ದ ಹಿಂದಿನ ವರ್ಷದ ಕ್ಲೋಸಿಂಗ್ ಸ್ಟಾಕನ್ನ ಎತ್ತಿ ಆರಂಭದ ಶಿಲ್ಕು ಅಂತ ಹಾಕಿದ. ಸರಿಯಾಗಿ 9,00,000. ಯಾವ ಅಂಗಡಿಯ ಸ್ಟಾಕು ಸರಿಯಾಗಿ ಒಂಬತ್ತು ಲಕ್ಷ ಇರುತ್ತೆ ಹೇಳಿ? ಲಾಭದ ಶೇಕಡಾ ಕೂರಿಸೋಕೆ ಇವನೇ ಹಾಕಿದ್ದ ಅಂಕಿ ಅದು. ಅದಕ್ಕೆ ಖರೀದಿ ಕೂಡಿಸಿ, ಮಾರಾಟ ಕಳೆದು, ನಾವು ಫೋನಲ್ಲಿ ಹೇಳಿದ ಈಗಿನ ಸ್ಟಾಕಿಗೆ ಹೊಂದಿಸಿದ. ಹೊಂದಲಿಲ್ಲ, ಆರಂಭದ ಅಂಕಿಯೇ ಸುಳ್ಳಲ್ವಾ. ಕೊರತೆ ಬಿದ್ದದ್ದನ್ನೆಲ್ಲ ಅಲ್ಲೊಂದು ಇಲ್ಲೊಂದು ದಿನ ‘ಮಾರಾಟ’ ಅಂತ ರಿಜಿಸ್ಟರಿಗೆ ತುಂಬಿದ. 31 ಐಟಂಗಳಲ್ಲಿ ಒಟ್ಟು 4,12,000.

ಇದರ ಅರ್ಥ ಗೊತ್ತಾಯ್ತಾ? ರಿಜಿಸ್ಟರ್ ಪ್ರಕಾರ ಮಾಲು ಮಾರಾಟ ಆಗಿದೆ. ಬಿಲ್ ಇಲ್ಲ. ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಇಲ್ಲ. ಅಂದ್ರೆ ಬಿಲ್ ಇಲ್ಲದ ಮಾರಾಟ. ಕೆಟ್ಟುಹೋದ ಸಿಮೆಂಟನ್ನ ಕಳ್ಳವ್ಯಾಪಾರ ಅಂತ ನಮ್ಮ ಕೈಯಲ್ಲೇ ಸಹಿ ಹಾಕಿಸಿ ಒಪ್ಪಿಸಿದ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡೋದು ಅಂತಾರಲ್ಲ, ಅದು.

ಸಿಕ್ಕಿಬಿದ್ದದ್ದು ಇದರಿಂದಲೂ ಅಲ್ಲ. ಅದು ಇನ್ನೂ ಅವಮಾನ.

ಅಧಿಕಾರಿ ರಿಜಿಸ್ಟರ್ ತಗೊಂಡ್ರು. ನೀಟಾದ ಪ್ರಿಂಟು, ಸ್ಪೈರಲ್ ಬೈಂಡು, ಪ್ರತಿ ಪುಟಕ್ಕೂ ಸೀಲು. ಜುಲೈ 2024ರ ಪುಟ ತೆಗೆದ್ರು, ಸಿಮೆಂಟಿನ ಸಾಲಿನ ಮೇಲೆ ಪೆನ್ ಇಟ್ರು. ಜೋರಾಗಿ ಮಾತಾಡಲಿಲ್ಲ. ‘ಸಿಮೆಂಟಿಗೆ ಆಗ ಎಷ್ಟು ಪರ್ಸೆಂಟ್ ಇತ್ರೀ?’ ಅಂತ ಕೇಳಿದ್ರು. 28 ಅಂದ್ವಿ. ಪುಸ್ತಕ ನಮ್ಮ ಕಡೆ ತಿರುಗಿಸಿದ್ರು. ಅಲ್ಲಿ 18 ಅಂತ ಇತ್ತು. ಆಗಸ್ಟ್‌ನಲ್ಲಿ 18. ಡಿಸೆಂಬರ್‌ನಲ್ಲಿ 18. ವರ್ಷಪೂರ್ತಿ 18.

ಸಿಮೆಂಟು ಶೇ. 28ರಿಂದ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ಕ್ಕೆ. ಪುಣ್ಯಾತ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಈಗ ಕೂತು ಹಳೇ ವರ್ಷದ ನಮೂದು ತುಂಬಿದ್ದಾನೆ. ಐಟಂ ಮಾಸ್ಟರ್‌ನಲ್ಲಿ (ಸಾಫ್ಟ್‌ವೇರ್‌ನ ಮಾಲಿನ ಪಟ್ಟಿಯಲ್ಲಿ) ಇದ್ದದ್ದು ಈಗಿನ ದರ, ಅದೇ ಪ್ರತಿ ಸಾಲಿಗೂ ಬಂದು ಕೂತಿದೆ. 2024ರಲ್ಲಿ ಬರೆದ ಪುಸ್ತಕದಲ್ಲಿ 2025ರ ದರ! ಇನ್ನೇನು ಹೇಳೋದಿದೆ? ‘ಸಿಸ್ಟಮ್‌ನಲ್ಲಿ ಎಡಿಟ್ ಲಾಗ್ ತೋರಿಸಿ’ ಅಂದ್ರು. ನಿಯಮ 56(8) ಅದನ್ನೇ ಹೇಳೋದು: ಕೈಬರಹದ ಪುಸ್ತಕ ಆದ್ರೆ ಅಳಿಸಿ ತಿದ್ದೋ ಹಾಗಿಲ್ಲ, ಗೆರೆ ಎಳೆದು ಸಹಿ ಹಾಕಿ ಸರಿಯಾದದ್ದನ್ನ ಬರೀಬೇಕು, ಕಂಪ್ಯೂಟರ್ ಆದ್ರೆ ಯಾವ ನಮೂದು ತಿದ್ದಿದ್ರೂ, ಅಳಿಸಿದ್ರೂ ಅದರ ಲಾಗ್ ಇರಬೇಕು. ಲಾಗ್‌ನಲ್ಲಿ ಎಲ್ಲ ಎರಡೇ ರಾತ್ರಿಯ ಕೆಲಸ. ತಾರೀಖು, ಗಂಟೆ, ಎಲ್ಲ ಬರೆದಿದೆ.

ಆಗ ಅವನಿಗೆ ಫೋನ್ ಮಾಡಿದ್ರೆ ‘ಮೀಟಿಂಗ್‌ನಲ್ಲಿದೀನಿ’. ಆಮೇಲೆ ಬಂದ ಮೆಸೇಜುಗಳನ್ನ ಇದ್ದ ಹಾಗೇ ಹಾಕ್ತೀನಿ.

‘ಸಾಫ್ಟ್‌ವೇರ್ ಎರರ್ ಅಂತ ಹೇಳಿ ಸಾರ್.’

‘ಟೆನ್ಷನ್ ಬೇಡ, ಅಲ್ಲಿ ನಮ್ಮೋರು ಇದಾರೆ.’

‘50 ಕೊಟ್ರೆ ಮೇಲಿನೋರ ಹತ್ರ ಮಾತಾಡ್ತೀನಿ.’

ಕೊಡಲ್ಲ ಅಂದ ಮೇಲೆ: ‘ರಿಜಿಸ್ಟರಿಗೆ ಸೈನ್ ಹಾಕಿದ್ದು ನೀವು ಸಾರ್, ನಾನಲ್ಲ. ಓದಿ ಹಾಕಬೇಕಿತ್ತು.’

ಈ ಕೊನೇದು. ಇದನ್ನ ಎಷ್ಟು ಸಲ ಓದಿದ್ರೂ ಮೈ ಉರಿಯುತ್ತೆ. ಯಾಕಂದ್ರೆ ಅದು ನಿಜ. ಕಾನೂನಿನ ಮುಂದೆ ಪುಸ್ತಕ ಅಂಗಡಿಯವನದ್ದು, ಸಹಿ ಅಂಗಡಿಯವನದ್ದು. ಅವನ ಹೆಸರು ಎಲ್ಲೂ ಇಲ್ಲ, ಬಿಲ್ ಸಹ ಇಲ್ಲ.

50,000ದ ವಿಷಯ ಬಂತಲ್ಲ: ಆ ದುಡ್ಡು ಅಧಿಕಾರಿಗೆ ಹೋಗುತ್ತೋ, ಇವನ ಜೇಬಲ್ಲೇ ಉಳಿಯುತ್ತೋ ಯಾರಿಗೂ ಗೊತ್ತಾಗಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟೋರಿಗೂ 7 ವರ್ಷದ ತನಕ ಶಿಕ್ಷೆ ಇದೆ. ಬಲವಂತಕ್ಕೆ ಕೊಟ್ಟಿದ್ರೆ 7 ದಿನದೊಳಗೆ ದೂರು ಕೊಡಬೇಕು. ಅಧಿಕಾರಿಯೇ ನೇರ ಕೇಳಿದ್ರೆ ಲೋಕಾಯುಕ್ತ ಇದೆ. ‘ನಮ್ಮೋರು ಇದಾರೆ’ ಅನ್ನೋರನ್ನ ಮಾತ್ರ ಹೊಸಿಲು ದಾಟಿಸಬೇಡಿ.

ಲೆಕ್ಕ ಈಗ ಎಲ್ಲಿಗೆ ಬಂದು ನಿಂತಿದೆ ನೋಡಿ. 4,12,000ದಲ್ಲಿ ಸಿಮೆಂಟು 1,00,000ಕ್ಕೆ ಶೇ. 28, ಉಳಿದ 3,12,000ಕ್ಕೆ ಶೇ. 18: ತೆರಿಗೆ 84,160. ಬಡ್ಡಿ ವರ್ಷಕ್ಕೆ ಶೇ. 18. 2024-25ರಿಂದ ಈಚೆಗಿನ ಸಾಲುಗಳಿಗೆ ಕಲಂ 74ಎ: ಸಾದಾ ತಪ್ಪಾದ್ರೆ ದಂಡ ತೆರಿಗೆಯ ಶೇ. 10 ಅಥವಾ 10,000, ಯಾವುದು ಜಾಸ್ತಿಯೋ ಅದು. ವಂಚನೆ ಅಂತಾದ್ರೆ ತೆರಿಗೆಯಷ್ಟೇ ದಂಡ, ಇನ್ನೊಂದು 84,160. ಶೋಕಾಸ್ ನೋಟಿಸ್‌ಗೆ ಮುಂಚೆ ಒಪ್ಪಿ ಕಟ್ಟಿದ್ರೆ ದಂಡ ಶೇ. 15, ಆ ನೋಟಿಸ್ ಆಗಿ 60 ದಿನದೊಳಗೆ ಆದ್ರೆ ಶೇ. 25. ಸ್ಟಾಕ್ ರಿಜಿಸ್ಟರ್ ಇಲ್ಲದಿರೋದು ಒಂದು ತಪ್ಪು. ಸುಳ್ಳು ರಿಜಿಸ್ಟರ್ ಕೊಡೋದು ಬೇರೇನೇ ತಪ್ಪು, ಕಲಂ 122ರಲ್ಲಿ ಅದಕ್ಕೆ ಅಂತಲೇ ಸಾಲು ಇದೆ. ಇಲ್ಲದ ಪುಸ್ತಕಕ್ಕೆ ‘ಇಲ್ಲ ಸಾರ್, ಎಣಿಸಿ ಪಟ್ಟಿ ಮಾಡಿದೀವಿ, ಕೊರತೆಗೆ ಕ್ರೆಡಿಟ್ ವಾಪಸ್ ಕಟ್ಟಿದೀವಿ’ ಅಂದಿದ್ರೆ ಮಾತು ಬೇರೆ ಇರ್ತಿತ್ತು.

ಸರಿ, ಆ 8 ದಿನದಲ್ಲಿ ನಿಜವಾಗಿ ಮಾಡಬೇಕಿದ್ದದ್ದು ಏನು? ಮೊದಲು ಎಣಿಕೆ. ಇಬ್ಬರು ಸೇರಿ, ಒಬ್ಬರು ಎಣಿಸಿ ಒಬ್ಬರು ಬರೆದು, ತಾರೀಖು ಹಾಕಿ, ಇವತ್ತಿನ ತಾರೀಖನ್ನೇ ಹಾಕಿ. ಕೆಟ್ಟ ಮಾಲನ್ನ ಬೇರೆ ಇಟ್ಟು ಫೋಟೊ ತೆಗೀಬೇಕು. ಬಿಸಾಡಿಬಿಡಬೇಡಿ, ಅದೇ ಸಾಕ್ಷಿ. ಇವತ್ತಿನ ಎಣಿಕೆಯಿಂದ ಬಿಲ್‌ಗಳ ಮೇಲೆ ಹಿಂದಕ್ಕೆ ಹೋದ್ರೆ ಮಾರ್ಚ್ 31ರ ಸ್ಟಾಕ್ ಸಿಗುತ್ತೆ. ಆಮೇಲೆ ತಿಂಗಳುವಾರು ಒಂದೇ ಹಾಳೆ: ಪುಸ್ತಕದ ಮಾರಾಟ, ಜಿಎಸ್‌ಟಿಆರ್-1, 3ಬಿ (ತೆರಿಗೆ ಕಟ್ಟೋ ರಿಟರ್ನ್) ಪಕ್ಕಪಕ್ಕ, 2ಬಿಯಲ್ಲಿ (ಪೋರ್ಟಲ್ ತೋರಿಸೋ ಕ್ರೆಡಿಟ್ ಪಟ್ಟಿ) ಬಂದ ಕ್ರೆಡಿಟ್, 3ಬಿಯಲ್ಲಿ ತಗೊಂಡ ಕ್ರೆಡಿಟ್ ಪಕ್ಕಪಕ್ಕ. ವ್ಯತ್ಯಾಸ ಇದ್ದ ಕಡೆ ಎದುರಿಗೇ ಕಾರಣ. ಬ್ಯಾಂಕಿಗೆ ಬಂದ ಪ್ರತಿ ದೊಡ್ಡ ಮೊತ್ತಕ್ಕೂ ವಿವರ: ಕೈಸಾಲವೋ, ಚೀಟಿ ದುಡ್ಡೋ, ವ್ಯಾಪಾರವೋ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ಅಂಗಡಿಗಳಿಗೆ ಯುಪಿಐ ಲೆಕ್ಕದ ಮೇಲೆ ನೋಟಿಸ್ ಬಂದದ್ದು ನೆನಪಿದೆ ಅಲ್ವಾ, ವಿವರ ಕೊಡದಿದ್ರೆ ಬಂದ ದುಡ್ಡೆಲ್ಲ ವ್ಯಾಪಾರವೇ ಅನ್ನೋ ಲೆಕ್ಕ ಅದು.

ನಮ್ಮಂಥ ಅಂಗಡಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗೋದು ಇನ್ನೆರಡು. ಲಾರಿ ಬಾಡಿಗೆ: ಕನ್ಸೈನ್‌ಮೆಂಟ್ ನೋಟ್ (ಮಾಲು ಸಾಗಣೆಯ ರಸೀದಿ) ಕೊಡೋ ಟ್ರಾನ್ಸ್‌ಪೋರ್ಟ್‌ನವರು ತಾವೇ ತೆರಿಗೆ ಹಾಕಿಲ್ಲ ಅಂದ್ರೆ ಶೇ. 5 ನಾವೇ ಆರ್‌ಸಿಎಂನಲ್ಲಿ, ಅಂದ್ರೆ ಸೇವೆ ಕೊಟ್ಟವರ ಬದಲು ತಗೊಂಡವರೇ ಕಟ್ಟೋ ಪದ್ಧತಿಯಲ್ಲಿ, ಕಟ್ಟಬೇಕು. ಸಪ್ಲೈಯರ್ ಬಾಕಿ: ಬಿಲ್ ಆಗಿ 180 ದಿನದಲ್ಲಿ ದುಡ್ಡು ಕೊಡದಿದ್ರೆ ಆ ಕ್ರೆಡಿಟ್ ಬಡ್ಡಿ ಸಮೇತ ವಾಪಸ್, ಕೊಟ್ಟ ಮೇಲೆ ಮತ್ತೆ ತಗೋಬಹುದು. ಇವೆರಡನ್ನೂ ನಮ್ಮ ‘ರೆಡಿ ಫೈಲ್’ನಲ್ಲಿ ಮುಟ್ಟಿಯೇ ಇರಲಿಲ್ಲ. ಪಕ್ಕದ ಗೋಡೌನ್ ನೋಂದಣಿಗೆ ಸೇರಿಸಿದೆಯಾ ಅಂತಲೂ ನೋಡಿರಲಿಲ್ಲ. ಬಾಗಿಲಲ್ಲಿ ಬೋರ್ಡಿನ ಮೇಲೆ ಜಿಎಸ್‌ಟಿ ನಂಬರ್, ಒಳಗೆ ಕಾಣೋ ಹಾಗೆ ಸರ್ಟಿಫಿಕೇಟ್ ಬೇಕು ಅನ್ನೋದೂ ಹೇಳಿರಲಿಲ್ಲ. ಸ್ಪೈರಲ್ ಬೈಂಡಿಂಗ್ ಮಾತ್ರ ಚೆನ್ನಾಗಿತ್ತು.

ನೋಟಿಸ್ ಇಲ್ಲದೆ ಬರೋದು ಬೇರೆ. ಅದು ಕಲಂ 67ರ ತಪಾಸಣೆ, ಐಎನ್‌ಎಸ್-01 ಅನ್ನೋ ಅಧಿಕಾರ ಪತ್ರ ಬೇಕು, ಜಾಯಿಂಟ್ ಕಮಿಷನರ್ ದರ್ಜೆಗಿಂತ ಕೆಳಗಿನವರು ಕೊಡೋ ಹಾಗಿಲ್ಲ. ಪತ್ರ, ಗುರುತಿನ ಚೀಟಿ ಎರಡೂ ನೋಡಿ ಒಳಗೆ ಬಿಡಿ. ‘ಈಗಲೇ ಕಟ್ಟಿ’ ಅಂತ ಅಲ್ಲೇ ವಸೂಲಿ ಮಾಡಬಾರದು ಅಂತ ಕೇಂದ್ರದ ಇಲಾಖೆ 2022ರ ಮೇ 25ಕ್ಕೆ ತನ್ನ ಅಧಿಕಾರಿಗಳಿಗೆ ಲಿಖಿತ ಸೂಚನೆ ಕೊಟ್ಟಿದೆ. ತಾವಾಗಿ ಕಟ್ಟೋದಕ್ಕೆ ಅಡ್ಡಿ ಇಲ್ಲ.

ಲಾಗಿನ್ ವಿಷಯ ಇವತ್ತೇ ನೋಡಿ. ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ ಅಧಿಕೃತ ಸಹಿದಾರರ ಮೊಬೈಲ್, ಇಮೇಲ್ ಯಾರದ್ದಿದೆ ಅಂತ ನೋಡಿ. ಪಾಸ್‌ವರ್ಡ್ ಗೊತ್ತಿದ್ರೆ ನಾನ್-ಕೋರ್ ತಿದ್ದುಪಡಿಯಲ್ಲಿ (ಅಧಿಕಾರಿಯ ಒಪ್ಪಿಗೆ ಬೇಡದ ತಿದ್ದುಪಡಿ) ನೀವೇ ಬದಲಾಯಿಸಬಹುದು. ಪಾಸ್‌ವರ್ಡೂ ಅವನ ಹತ್ರ ಇದ್ರೆ, ನಿಮ್ಮ ವ್ಯಾಪ್ತಿಯ ಅಧಿಕಾರಿ ಹತ್ರ ದಾಖಲೆ ತಗೊಂಡು ಹೋಗಿ ಹೊಸ ಇಮೇಲ್, ಮೊಬೈಲ್ ಹಾಕಿಸ್ಕೊಳ್ಳಿ, ಮಾಡಿಕೊಡ್ತಾರೆ. ‘ನೋಟಿಸ್’ ಅಂತ ಇರೋ ಕಡೆ ಅಷ್ಟೇ ಅಲ್ಲ, ‘ಹೆಚ್ಚುವರಿ ನೋಟಿಸ್’ ಅನ್ನೋದನ್ನೂ ತೆಗೆದು ನೋಡಿ. ಎಷ್ಟೋ ಜನರ ನೋಟಿಸ್ ಅಲ್ಲೇ ಧೂಳು ತಿಂತಿರುತ್ತೆ.

ನಾವು ಬದಲಾಯಿಸಿ ನಾಲ್ಕು ದಿನ ಆಯ್ತು. ನಿನ್ನೆ ಬೆಳಿಗ್ಗೆ ಮೊಬೈಲ್‌ಗೆ ಪೋರ್ಟಲ್‌ನಿಂದ ಒಂದು ಒಟಿಪಿ ಬಂತು, ನಾವ್ಯಾರೂ ಕೇಳಿರಲಿಲ್ಲ. ಎರಡು ನಿಮಿಷಕ್ಕೆ ಅವನ ಮೆಸೇಜ್: ‘ಸಾರ್ ಒಂದು ಒಟಿಪಿ ಬಂದಿರುತ್ತೆ, ಕಳಿಸಿ.’